ಭಿನ್ನಾಭಿಪ್ರಾಯ ಇರಲಿ, ಹಗೆ ಬೇಡ – ಕಲ್ಲಿನ ಮೇಲೆ ಬರೆದ ಚರಿತ್ರೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿ ತೀರ್ಮಾನ ಮಾಡಿತು. ಷೇರು ಬಂಡವಾಳ, ಸಾಲ ವಸೂಲಿ, ಗೊಬ್ಬರದ ವ್ಯಾಪಾರ ಇವುಗಳ ಬಗ್ಗೆ ಬರೆಯಲು ಬಲ್ಲವರು ಇದ್ದಾರೆ, ನೀವು ಚರಿತ್ರೆಯ ಮೇಲೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ನನಗೆ ಹೇಳಿದರು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆಮೇಲೆ ತೋಟ, ಗದ್ದೆ, ಸೊಸೈಟಿ ಇಷ್ಟೇ. ಆದರೂ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹೊರಗೆ ಕೆಲಸ ಸಾಗದೆ ಕೂತಾಗ ಶಾಸನಗಳ ಪುಸ್ತಕ ಓದುವ ಒಂದು ಅಭ್ಯಾಸ ಮೊದಲಿನಿಂದಲೂ ಇದೆ. ಹಾಗೆ ಓದಿ ತಿಳಿದುಕೊಂಡದ್ದರಲ್ಲಿ ಈ ಬೆಳ್ಳಿಹಬ್ಬಕ್ಕೆ ಒಪ್ಪುವಂಥದ್ದು ಯಾವುದು ಎಂದು ಯೋಚಿಸಿದಾಗ ಒಂದು ಪ್ರಶ್ನೆ ಎದುರಿಗೆ ನಿಂತಿತು. ಒಬ್ಬರ ಅಭಿಪ್ರಾಯ ನಮಗೆ ಒಪ್ಪಿಗೆ ಆಗಲಿಲ್ಲ ಅಂದರೆ ಅವರನ್ನು ದ್ವೇಷ ಮಾಡಲೇಬೇಕೇ?

ಈ ಪ್ರಶ್ನೆ ಯಾಕೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಪಂಚಾಯ್ತಿ ಚುನಾವಣೆ ಬರುತ್ತದೆ, ಊರು ಎರಡಾಗುತ್ತದೆ. ಸೊಸೈಟಿ ಚುನಾವಣೆ ಬರುತ್ತದೆ, ಎರಡಾದದ್ದು ನಾಲ್ಕಾಗುತ್ತದೆ. ಚುನಾವಣೆ ಮುಗಿದು ವರ್ಷ ಕಳೆದರೂ ಎದುರು ಗುಂಪಿನವರ ಮನೆಯ ಗೃಹಪ್ರವೇಶಕ್ಕೆ ಹೋಗದವರಿದ್ದಾರೆ. ಪಕ್ಕದ ತೋಟದವನ ಬೇಲಿ ದಾಟಿ ಮಾತಾಡದವರಿದ್ದಾರೆ. ಈಗಂತೂ ಕೈಯಲ್ಲಿ ಮೊಬೈಲು ಬೇರೆ. ಎದುರಿಗೆ ಕೂತು ಹೇಳಲಾಗದ ಮಾತನ್ನು ರಾತ್ರಿ ಮಲಗಿಕೊಂಡು ಹತ್ತು ಜನರಿಗೆ ಕಳಿಸುತ್ತಾರೆ. ಒಂದು ಸಂಘ ಸಾಲ ವಸೂಲಾಗದೆ ಸೊರಗಬಹುದು, ಅದಕ್ಕೆ ಕಾನೂನಿನಲ್ಲಿ ದಾರಿ ಇದೆ. ಸದಸ್ಯರು ಒಬ್ಬರ ಮುಖ ಒಬ್ಬರು ನೋಡದ ಹಾಗಾದರೆ ಅದಕ್ಕೆ ಯಾವ ಇಲಾಖೆಯಲ್ಲೂ ಔಷಧ ಇಲ್ಲ. ಹಾಗಾಗಿ ನಮ್ಮ ಹಿಂದಿನವರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡುವುದು ಒಳ್ಳೆಯದು.

ನಮ್ಮ ಸೀಮೆಯ ಅರಸರು

ಮೊದಲಿಗೆ ನಮ್ಮ ಊರಿನ ಮಾತು. ಮೂಡಿಗೆರೆ ತಾಲ್ಲೂಕಿನಲ್ಲಿದ್ದು ಈಗ ಕಳಸ ತಾಲ್ಲೂಕಿಗೆ ಸೇರಿರುವ ಈ ಸೀಮೆಯನ್ನು ಒಂದು ಕಾಲದಲ್ಲಿ ಆಳಿದವರು ಕಳಸ-ಕಾರ್ಕಳದ ಭೈರರಸರು. ಹೊಂಬುಜದ ಸಾಂತರ ಮನೆತನದ ಕವಲು ಇವರದ್ದು. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ, ಎರಡೂ ಇವರ ರಾಜ್ಯ. ಮನೆತನದ ಧರ್ಮ ಜೈನ. ಕಾರ್ಕಳದ 42 ಅಡಿಯ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಈ ಮನೆತನದವನು. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನೂ ಇದೇ ಮನೆತನದವನು.

ಆದರೆ ಕಳಸದ ಶಾಸನಗಳನ್ನು ನೋಡಿ. ಇದೇ ಜೈನ ಅರಸು ಮನೆತನದವರು ಕಳಸನಾಥನಿಗೆ, ಅಂದರೆ ನಮ್ಮ ಕಳಸೇಶ್ವರನಿಗೆ ದತ್ತಿ ಬಿಟ್ಟಿದ್ದಾರೆ. ಈಶ್ವರನನ್ನು ಸೃಷ್ಟಿಕರ್ತ ಎಂದು ಜೈನ ಮತ ಒಪ್ಪುವುದಿಲ್ಲ. ಅರಸರಿಗೆ ಇದು ಗೊತ್ತಿಲ್ಲದ ಸಂಗತಿ ಅಲ್ಲ. ಅವರು ತಮ್ಮ ನಂಬಿಕೆ ಬಿಡಲಿಲ್ಲ, ಊರವರ ದೇವರ ದೀಪವನ್ನೂ ಆರಿಸಲಿಲ್ಲ. ಇವತ್ತಿಗೂ ನಮ್ಮ ಕಡೆ ಬಸದಿಯೂ ಇದೆ, ಗುಡಿಯೂ ಇದೆ, ಭೂತದ ಕಟ್ಟೆಯೂ ಇದೆ. ಯಾವ ಮನೆಯಲ್ಲಿ ಸಾವಾದರೂ ಕಟ್ಟಿಗೆ ಹೊರಲಿಕ್ಕೆ ಎಲ್ಲ ಮನೆಯವರೂ ಬರುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳರ ಅರಮನೆಯಲ್ಲೇ ಎರಡು ಮತ ಇತ್ತು. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಅವನ ಪಟ್ಟದ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅವನ ದೊಡ್ಡ ದಂಡನಾಯಕ ಗಂಗರಾಜನೂ ಜೈನನೇ. ಗಂಡ ಒಂದು ದೇವರು, ಹೆಂಡತಿ ಒಂದು ದೇವರು, ಸಂಸಾರ ಒಂದೇ.

ಜಿದ್ದು ಏರಿದಾಗ ಆದದ್ದು

ಹಾಗಂತ ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ಮಾತ್ರ ಕೆಟ್ಟಿದೆ ಎಂದರೆ ಅದು ಸುಳ್ಳು ಚರಿತ್ರೆ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು ಕ್ರಿ.ಶ. 1200ರ ಒಂದು ಶಾಸನ ಇದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತನಿಗೂ ಆ ಊರಿನ ಜೈನರಿಗೂ ಯಾವ ದೇವರು ದೊಡ್ಡವನು ಎಂದು ವಾದ ಹತ್ತಿತು. ಮಾತಿಗೆ ಮಾತು ಬೆಳೆದು ಪಣಕ್ಕೆ ಬಂತು. ನನ್ನ ತಲೆಯನ್ನೇ ಕಡಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆಯುತ್ತೇನೆ ಎಂದು ರಾಮಯ್ಯ ಹೇಳಿದ. ಪಡೆದರೆ ನಮ್ಮ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುತ್ತೇವೆ ಎಂದು ಜೈನರು ಓಲೆ ಬರೆದುಕೊಟ್ಟರು. ರಾಮಯ್ಯ ತಲೆ ಮರಳಿ ಪಡೆದ ಎಂದು ಶಾಸನ ಹೇಳುತ್ತದೆ. ಆ ಪವಾಡವನ್ನು ನಂಬುವುದು ಬಿಡುವುದು ಅವರವರ ಭಕ್ತಿಗೆ ಸೇರಿದ್ದು. ಚರಿತ್ರೆಗೆ ಮುಖ್ಯವಾದದ್ದು ಆಮೇಲಿನ ಸಂಗತಿ. ಜೈನರು ಮಾತಿಗೆ ನಿಲ್ಲಲಿಲ್ಲ, ರಾಮಯ್ಯ ಜಿನಬಿಂಬವನ್ನು ಒಡೆದ. ದೂರು ಕಲಚುರಿ ಬಿಜ್ಜಳ ರಾಜನ ತನಕ ಹೋಯಿತು. ಅವನು ರಾಮಯ್ಯನಿಗೆ ಜಯಪತ್ರ ಕೊಟ್ಟ.

ಇಲ್ಲಿ ಒಂದು ಕಡೆಯವರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಎರಡೂ ಕಡೆಯವರು ಪಣ ಕಟ್ಟಿದವರೇ. ನೋಡಬೇಕಾದದ್ದು ವಾದ ನಡೆದ ಬಗೆಯನ್ನು. ನೀನು ಸೋತರೆ ನಿನ್ನದು ಏನೂ ಉಳಿಯಬಾರದು ಎಂಬ ಷರತ್ತು ಬಿದ್ದ ಕೂಡಲೇ ಅದು ವಾದ ಆಗಿ ಉಳಿಯಲಿಲ್ಲ. ಗೆದ್ದವನಿಗೆ ಪತ್ರ ಸಿಕ್ಕಿತು, ಸೋತವರ ದೇವರು ಮುರಿಯಿತು. ನಡುವೆ ನಿಂತು ಸಾಕು ನಿಲ್ಲಿಸಿ ಎಂದು ಹೇಳಿದ ಹಿರಿಯರ ಹೆಸರು ಆ ಶಾಸನದ ಕಥೆಯಲ್ಲಿ ಇಲ್ಲ.

1368ರ ಬೆಳಗೊಳದ ಶಾಸನ

ಇದಕ್ಕೆ ಎದುರಾಗಿ ಇನ್ನೊಂದು ಕಲ್ಲು ಇದೆ. ಇದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಗೊಮ್ಮಟನನ್ನು ನೋಡಲು ಹೋದವರು ಬೆಟ್ಟ ಹತ್ತಿ ಇಳಿದು ಬಸ್ಸಿಗೆ ಓಡುತ್ತಾರೆ, ಕೆಳಗಿನ ಈ ಬಸದಿಗೆ ಹೋಗುವವರು ಕಡಿಮೆ. ಮುಂದಿನ ಸಲ ಹೋದಾಗ ತಪ್ಪದೆ ನೋಡಿ ಬನ್ನಿ.

ಶಕ ವರ್ಷ 1290, ಅಂದರೆ ಕ್ರಿ.ಶ. 1368. ವಿಜಯನಗರದಲ್ಲಿ ಒಂದನೆಯ ಬುಕ್ಕರಾಯನ ಆಳ್ವಿಕೆ. ಜೈನರಿಗೂ ಭಕ್ತರಿಗೂ, ಅಂದರೆ ಶ್ರೀವೈಷ್ಣವರಿಗೂ ಜಗಳ ಆಯಿತು. ಜೈನರು ತಮ್ಮ ಬಸದಿಗಳಲ್ಲಿ ಪಂಚಮಹಾವಾದ್ಯ ಮತ್ತು ಕಳಶ ಬಳಸುವ ಹಕ್ಕಿನ ಪ್ರಶ್ನೆ ಅದರಲ್ಲಿತ್ತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಮೆರವಣಿಗೆಯ ವಾದ್ಯದ ತಕರಾರು. ಆರುನೂರೈವತ್ತು ವರ್ಷ ಕಳೆದರೂ ನಮ್ಮ ಊರುಗಳ ಜಗಳದ ಮೂಲ ಬಹಳ ಬದಲಾಗಿಲ್ಲ ನೋಡಿ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ನಾಡುಗಳ ಜೈನರು ಸೇರಿ, ಭಕ್ತರು ನಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂದು ರಾಯನಿಗೆ ಬಿನ್ನಹ ಮಾಡಿಕೊಂಡರು. ಬುಕ್ಕರಾಯ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಇಲ್ಲಿನ ಆಚಾರ್ಯರೂ ಅದರಲ್ಲಿದ್ದರು. ಬರೀ ದೊಡ್ಡ ಮನುಷ್ಯರನ್ನು ಕರೆದು ಮುಗಿಸಲಿಲ್ಲ. ತಿರುಕುಲದವರು, ಜಾಂಬವಕುಲದವರು ಎಂದು ಕೆಳಗಿನವರೆಂದು ಎಣಿಸಿದ್ದ ಕುಲಗಳ ಹೆಸರೂ ಶಾಸನದಲ್ಲಿ ಇದೆ. ಎಲ್ಲರ ಎದುರಿಗೆ ರಾಯನು ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಜೈನ ದರ್ಶನಕ್ಕೂ ವೈಷ್ಣವ ದರ್ಶನಕ್ಕೂ ಭೇದ ಇಲ್ಲ, ಜೈನರಿಗೆ ವಾದ್ಯ ಮತ್ತು ಕಳಶ ಮೊದಲಿನ ಹಾಗೆಯೇ ಸಲ್ಲಬೇಕು, ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಆದರೆ ಅದನ್ನು ವೈಷ್ಣವರು ತಮ್ಮದೇ ಹಾನಿ ವೃದ್ಧಿ ಎಂದು ತಿಳಿಯಬೇಕು ಎಂದು ಕಟ್ಟು ಮಾಡಿದ.

ಇಷ್ಟಕ್ಕೆ ಬಿಟ್ಟಿದ್ದರೆ ಅದು ಭಾಷಣ ಆಗುತ್ತಿತ್ತು. ನಮ್ಮಲ್ಲಿ ಶಾಂತಿ ಸಭೆ ಮಾಡಿ ಕಾಫಿ ಕುಡಿದು ಎದ್ದು ಹೋಗುತ್ತಾರಲ್ಲ, ಹಾಗೆ. ಬುಕ್ಕರಾಯನ ಕಾಲದವರು ಅದಕ್ಕೊಂದು ವ್ಯವಸ್ಥೆ ಮಾಡಿದರು. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಸಂಗ್ರಹ ಮಾಡುವುದು. ಹಣ ಎಂದರೆ ಆ ಕಾಲದ ಒಂದು ನಾಣ್ಯ. ಆ ದುಡ್ಡಿನಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಜನ ಕಾವಲಿನವರನ್ನು ಇಡುವುದು. ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು. ಈ ಕೆಲಸದ ಜವಾಬ್ದಾರಿ ಯಾರಿಗೆ? ತಿರುಮಲೆಯ ತಾತಯ್ಯನಿಗೆ. ತಾತಯ್ಯ ಜೈನನಲ್ಲ, ಶ್ರೀವೈಷ್ಣವ. ಯಾವ ಗುಂಪಿನ ಮೇಲೆ ದೂರು ಇತ್ತೋ ಅದೇ ಗುಂಪಿನ ಹಿರಿಯನ ಕೈಯಲ್ಲಿ ದೂರು ಕೊಟ್ಟವರ ದುಡ್ಡು ಮತ್ತು ಅವರ ಬಸದಿಗಳ ದುರಸ್ತಿ ಇಟ್ಟರು. ಇನ್ನೊಬ್ಬರ ಬಸದಿಗೆ ಪ್ರತಿ ವರ್ಷ ಸುಣ್ಣ ಹೊಡೆಸುವ ಕೆಲಸ ಬಿದ್ದವನಿಗೆ ಆ ಬಸದಿಯ ಮೇಲೆ ಕಲ್ಲು ಎಸೆಯುವ ಮನಸ್ಸು ಬರುವುದು ಕಷ್ಟ.

ಇದನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದು ಶಾಸನ ಹೇಳುತ್ತದೆ. ಮುಂದೆ ಕಲ್ಲೆಹದ ಬುಸುವಿಸೆಟ್ಟಿ ಎಂಬಾತ ಮುತುವರ್ಜಿ ವಹಿಸಿ ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಆಗ ಎರಡೂ ಸಮಯದವರು, ಅಂದರೆ ಎರಡೂ ಮತದವರು ಒಟ್ಟಾಗಿ ಆತನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಎರಡು ಗುಂಪಿಗೂ ಒಬ್ಬನೇ ನಾಯಕ! ಇದೇ ಒಪ್ಪಂದದ ಇನ್ನೊಂದು ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ.

ಈ ಶಾಸನದಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ. ಶಾಸನ ಶುರುವಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಅದೂ ಸಾಧಾರಣ ಸ್ತುತಿ ಅಲ್ಲ, ಬೇರೆ ಮತಗಳನ್ನು ಸುಡುವ ಬೆಂಕಿ ಎಂಬ ಅರ್ಥ ಬರುವ ಕಟುವಾದ ಸ್ತುತಿ. ಅಂಥ ಕಲ್ಲು ನಿಂತಿರುವುದು ಜೈನ ಬಸದಿಯಲ್ಲಿ! ವೈಷ್ಣವರು ತಮ್ಮ ಅಭಿಪ್ರಾಯವನ್ನು ಒಂದಕ್ಷರವೂ ಬಿಡಲಿಲ್ಲ, ಜೈನರು ಅದನ್ನು ಅಳಿಸಿ ಎನ್ನಲಿಲ್ಲ. ಅಭಿಪ್ರಾಯ ಮೇಲಿನ ಸಾಲಿನಲ್ಲಿ, ಒಪ್ಪಂದ ಕೆಳಗಿನ ಸಾಲುಗಳಲ್ಲಿ, ಎರಡೂ ಒಂದೇ ಕಲ್ಲಿನ ಮೇಲೆ. ಒಟ್ಟಿಗೆ ಬಾಳಲು ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬರಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1638ರ ಹಳೇಬೀಡಿನ ತೀರ್ಮಾನ

ಇನ್ನೊಂದು ಕಲ್ಲು ನಮಗೆ ಹತ್ತಿರದ್ದು. ಮೂಡಿಗೆರೆ, ಬೇಲೂರು ದಾಟಿದರೆ ಹಳೇಬೀಡು. ಅಲ್ಲಿಯ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ವಿಜಯ ಪಾರ್ಶ್ವನಾಥ ಬಸದಿ ಇದೆ. ಅಲ್ಲಿಯ ಕಂಬಗಳು ಕನ್ನಡಿಯ ಹಾಗೆ ಮಿನುಗುತ್ತವೆ. ಶಾಲೆಯ ಪ್ರವಾಸದಲ್ಲಿ ಹೋದ ಮಕ್ಕಳು ಅದರಲ್ಲಿ ಮುಖ ನೋಡಿಕೊಂಡು ನಗುತ್ತಾರೆ.

ಬೇಲೂರಿನ ನಾಯಕರ ಕಾಲದಲ್ಲಿ, 1638ರಲ್ಲಿ, ಹುಚ್ಚಪ್ಪದೇವ ಎಂಬಾತ ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಒತ್ತಿದ್ದು ಸರಿಯೋ, ಅಳಿಸಿದ್ದು ಸರಿಯೋ? ಊರು ಹೊತ್ತಿ ಉರಿಯಲು ಇಷ್ಟು ಸಾಕಿತ್ತು. ಜೈನ ಪ್ರಮುಖರು ದೂರು ತಂದರು. ವೀರಶೈವರ ಮಹಾಮಹತ್ತಿನ ಹಿರಿಯರು ಸೇರಿದರು. ಅವರು ಮಾಡಿದ ತೀರ್ಮಾನ ಇದು: ಬಸದಿಯಲ್ಲಿ ಮೊದಲು ಶೈವ ಪದ್ಧತಿಯಂತೆ ವಿಭೂತಿ, ವೀಳ್ಯ ಸಲ್ಲಲಿ. ಆಮೇಲೆ ಜೈನರು ತಮ್ಮ ಪೂಜೆ, ಅಭಿಷೇಕ, ಉತ್ಸವಗಳನ್ನು ಮೊದಲಿನಂತೆ ಸೂರ್ಯಚಂದ್ರರು ಇರುವ ತನಕ ನಡೆಸಿಕೊಂಡು ಹೋಗಲಿ. ಇದಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು, ಲಿಂಗಕ್ಕೆ, ವಿಭೂತಿ ರುದ್ರಾಕ್ಷಿಗೆ ದ್ರೋಹಿ.

ಈ ಕೊನೆಯ ಮಾತನ್ನು ಎರಡು ಸಲ ಓದಿ. ಬಸದಿಗೆ ತೊಂದರೆ ಕೊಟ್ಟವನು ಜಿನನಿಗೆ ದ್ರೋಹಿ ಎಂದು ಅವರು ಬರೆಸಲಿಲ್ಲ. ಹಾಗೆ ಬರೆಸಿದ್ದರೆ ವೀರಶೈವ ಹುಡುಗರು ನಮಗೇನು ಎಂದು ನಗುತ್ತಿದ್ದರು. ನಮ್ಮ ಲಿಂಗಕ್ಕೇ ದ್ರೋಹಿ ಎಂದು ಬರೆಸಿದರು. ನಿನ್ನ ದೇವರ ಮೇಲೆ ನಿನಗೆ ನಿಜವಾದ ಭಕ್ತಿ ಇದ್ದರೆ ಇನ್ನೊಬ್ಬನ ದೇವರಿಗೆ ಅಡ್ಡ ಬರಬೇಡ ಎಂದು ತಮ್ಮವರ ಬಾಯಿ ತಾವೇ ಕಟ್ಟಿದರು. ಅಬ್ಬಲೂರಿನಲ್ಲಿ ಕಾಣದ ಹಿರಿಯರು ಹಳೇಬೀಡಿನಲ್ಲಿ ಕಾಣುತ್ತಾರೆ.

ಈ ಕಲ್ಲುಗಳಿಂದ ಕಲಿಯುವುದು

ನನ್ನ ಅಲ್ಪ ತಿಳುವಳಿಕೆಗೆ ಮೂರು ವಿಷಯ ತೋರುತ್ತದೆ.

ಒಂದನೆಯದು, ಈ ತೀರ್ಮಾನಗಳು ನಡತೆಗೆ ಕಟ್ಟು ಹಾಕಿದವು, ನಂಬಿಕೆಗೆ ಹಾಕಲಿಲ್ಲ. ಕಂಬಕ್ಕೆ ಮುದ್ರೆ ಒತ್ತಬೇಡ, ವಾದ್ಯ ನಿಲ್ಲಿಸಬೇಡ ಎಂದವು. ನಿನ್ನ ದೇವರೇ ದೊಡ್ಡವನು ಎಂದು ತಿಳಿಯಬೇಡ ಎನ್ನಲಿಲ್ಲ.

ಎರಡನೆಯದು, ಬೆಂಕಿ ಆರಿಸಿದ್ದು ಬಲ ಇರುವ ಕಡೆಯ ಹಿರಿಯರು. ಬಲ ಇಲ್ಲದವನು ಶಾಂತಿ ಶಾಂತಿ ಎಂದರೆ ಹೆದರಿದ ಎನ್ನುತ್ತಾರೆ. ಗೆದ್ದ ಗುಂಪಿನವನು ತನ್ನವರಿಗೆ ಸಾಕು ಎಂದಾಗ ಮಾತ್ರ ಅದಕ್ಕೆ ತೂಕ. ನಮ್ಮಲ್ಲೂ ಅಷ್ಟೇ. ಎದುರು ಗುಂಪಿಗೆ ಬುದ್ಧಿ ಹೇಳಲು ಎಲ್ಲರಿಗೂ ಬರುತ್ತದೆ. ತನ್ನ ಗುಂಪಿನ ಹುಡುಗ ಕೆಟ್ಟ ಮಾತಾಡಿದಾಗ, ಏಯ್ ತಮ್ಮಾ ಅದು ಬೇಡ ಅಂತ ಹೇಳುವವರು ಎಷ್ಟು ಜನ?

ಮೂರನೆಯದು, ಒಪ್ಪಂದವನ್ನು ಬಾಯಿಮಾತಿಗೆ ಬಿಡಲಿಲ್ಲ. ಕಲ್ಲಿನಲ್ಲಿ ಬರೆಸಿದರು, ಜವಾಬ್ದಾರಿ ಹಂಚಿದರು.

ಒಂದು ಕೊರತೆಯನ್ನೂ ಮುಚ್ಚಿಡಬಾರದು. ಬೆಳಗೊಳದಲ್ಲಿ ಕಾವಲಿನ ದುಡ್ಡು ಕೊಟ್ಟವರು ಅನ್ಯಾಯ ಆದವರೇ. ಹಳೇಬೀಡಿನಲ್ಲಿ ತಮ್ಮ ಬಸದಿಯಲ್ಲಿ ಮೊದಲ ಮರ್ಯಾದೆ ಬೇರೆಯವರ ಪದ್ಧತಿಗೆ ಬಿಟ್ಟುಕೊಟ್ಟವರೂ ಅವರೇ. ಇಂದಿನ ಕಾನೂನಿನ ಕಣ್ಣಿನಲ್ಲಿ ಇದು ಪೂರ್ಣ ನ್ಯಾಯ ಅಲ್ಲ. ಆದರೆ ಎರಡೂ ಬಸದಿಗಳು ಇವತ್ತಿಗೂ ನಿಂತಿವೆ. ಹಾವೂ ಸಾಯದೆ ಕೋಲೂ ಮುರಿಯದೆ ಆದ ಕೆಲಸ ಅದು.

ಅನ್ಯಾಯ ಮಾಡಿದವನನ್ನೂ ದ್ವೇಷಿಸಬಾರದೇ?

ಇಲ್ಲಿ ಒಬ್ಬರು ಎದ್ದು ನಿಂತು ಕೇಳಬಹುದು. ಸ್ವಾಮಿ, ಎಲ್ಲ ಅಭಿಪ್ರಾಯವೂ ಒಂದೇ ತೂಕದ್ದಾ? ಒಬ್ಬ ಮನುಷ್ಯನನ್ನು ಮುಟ್ಟಬಾರದು ಎನ್ನುವುದೂ ಒಂದು ಅಭಿಪ್ರಾಯವೇ, ಅದಕ್ಕೂ ನಗುತ್ತಾ ಇರಬೇಕಾ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳುವ ಯೋಗ್ಯತೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕಿಗೆ ಇದೆ. ಅಸ್ಪೃಶ್ಯತೆಯನ್ನು ಅವರು ಒಂದು ಗಳಿಗೆಯೂ ಸಹಿಸಲಿಲ್ಲ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಗಾಂಧೀಜಿಯವರೊಡನೆ ದೊಡ್ಡ ಭಿನ್ನಾಭಿಪ್ರಾಯ ಆಗಿ ಕೊನೆಗೆ ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. 1945ರಲ್ಲಿ ಕಾಂಗ್ರೆಸ್ಸನ್ನೂ ಗಾಂಧಿಯವರನ್ನೂ ಕಟುವಾಗಿ ಟೀಕಿಸಿ ಪುಸ್ತಕವನ್ನೇ ಬರೆದರು. ಎರಡು ವರ್ಷ ಆದ ಮೇಲೆ, 1947ರಲ್ಲಿ, ಅದೇ ಕಾಂಗ್ರೆಸ್ಸಿನ ನೆಹರೂ ಅವರ ಮಂತ್ರಿಮಂಡಲದಲ್ಲಿ ಕಾನೂನು ಮಂತ್ರಿ ಆದರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಕರೆದವರೂ ಹಳೆಯದನ್ನು ಲೆಕ್ಕ ಹಾಕಲಿಲ್ಲ, ಹೋದವರೂ ಹಾಕಲಿಲ್ಲ. ಹಾಗಂತ ಅಭಿಪ್ರಾಯ ಬಿಟ್ಟರಾ? ಇಲ್ಲ. ಹಿಂದೂ ಕೋಡ್ ಬಿಲ್ ಮುಂದೆ ಸಾಗಲಿಲ್ಲ ಎಂದು 1951ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯೇ ರದ್ದು ಮಾಡಿದೆ, ಆಚರಿಸಿದವನಿಗೆ ಶಿಕ್ಷೆ ಇದೆ.

ಅಂದರೆ ಅಭಿಪ್ರಾಯಕ್ಕೆ ಎದುರು ಅಭಿಪ್ರಾಯ ಇಡಬೇಕು, ಅನ್ಯಾಯದ ಕೆಲಸಕ್ಕೆ ಕಾನೂನು ಹಿಡಿಯಬೇಕು. ಸಿಟ್ಟು ಬರಲಿ, ಅದು ಅನ್ಯಾಯದ ಮೇಲಿರಲಿ. ದ್ವೇಷದಿಂದ ಆ ಅನ್ಯಾಯ ಒಂದಿಂಚೂ ಕಡಿಮೆ ಆಗುವುದಿಲ್ಲ. ಮನುಷ್ಯನನ್ನೇ ದ್ವೇಷಿಸಿದರೆ ನಾಳೆ ಅವನು ತಿದ್ದಿಕೊಂಡು ಬಂದಾಗ ಒಳಗೆ ಕರೆಯಲು ಬಾಗಿಲೇ ಇರುವುದಿಲ್ಲ.

ನಮ್ಮ ಕಣ್ಣೆದುರಿನ ಚರಿತ್ರೆ

ಕಲ್ಲಿನ ಚರಿತ್ರೆ ಸಾಕು, ನಮ್ಮ ಕಾಲದ್ದನ್ನು ನೋಡೋಣ. ನಮ್ಮ ಪಕ್ಕದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಶುರುವಾಯಿತು. 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಅಧಿಸೂಚನೆ ಬಂತು. ಗಣಿ ಬೇಕು, ಅದರಿಂದ ಅನ್ನ ಸಿಗುತ್ತದೆ ಎನ್ನುವವರು ಒಂದು ಕಡೆ. ಗಣಿಯ ಹೂಳು ಭದ್ರೆಗೆ ಇಳಿದರೆ ಕೆಳಗಿನ ಗದ್ದೆ ತೋಟ ಏನಾಗಬೇಕು ಎನ್ನುವವರು ಒಂದು ಕಡೆ. ಕಾಡಿನಿಂದ ಪರಿಹಾರ ತೆಗೆದುಕೊಂಡು ಹೊರಗೆ ಹೋಗೋಣ ಎನ್ನುವವರು, ಪ್ರಾಣ ಹೋದರೂ ಹುಟ್ಟಿದ ಜಾಗ ಬಿಡೆವು ಎನ್ನುವವರು ಬೇರೆ. ಒಂದೇ ಮನೆಯೊಳಗೆ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಆದದ್ದನ್ನು ನಾವೆಲ್ಲ ಕಂಡಿದ್ದೇವೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಗಣಿಯ ಊರು ಈಗ ಬಹುಪಾಲು ಖಾಲಿ. ಕೆಲಸ ಹೋದವನ ಸಂಕಟವೂ ನಿಜ, ಹೊಳೆಯ ನೀರಿಗೆ ಹೆದರಿದವನ ಭಯವೂ ನಿಜ. ಒಬ್ಬ ಊರದ್ರೋಹಿ, ಇನ್ನೊಬ್ಬ ಕಾಡುದ್ರೋಹಿ ಎಂದು ಕರೆದುಕೊಂಡದ್ದರಿಂದ ಯಾರ ಮನೆಗೂ ಒಂದು ಸೇರು ಅಕ್ಕಿ ಬರಲಿಲ್ಲ.

ಅದೇ ವರ್ಷಗಳಲ್ಲಿ ಕೆಲವರು ಬಂದೂಕು ಹಿಡಿದರು. 2003ರ ನವೆಂಬರಿನಲ್ಲಿ ಘಟ್ಟದ ಕೆಳಗೆ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಗುಂಡು ಹಾರಿ ಇಬ್ಬರು ಹೆಣ್ಣುಮಕ್ಕಳು ಸತ್ತರು. ಆಮೇಲೆ ಈ ಕಾಡಂಚಿನಲ್ಲಿ ಊರವರೂ ಸತ್ತರು, ಪೊಲೀಸರೂ ಸತ್ತರು. ಯಾರು ಯಾರ ಕಡೆ ಎಂಬ ಅನುಮಾನದಲ್ಲಿ ಕತ್ತಲಾದ ಮೇಲೆ ನೆಂಟರಿಗೆ ಬಾಗಿಲು ತೆರೆಯಲೂ ಜನ ಹೆದರಿದರು. 2025ರ ಜನವರಿಯಲ್ಲಿ ಕಾಡಿನಲ್ಲಿದ್ದವರಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಇಪ್ಪತ್ತು ವರ್ಷ ಕಳೆದು ಕೊನೆಗೆ ಬಂದು ನಿಂತದ್ದು ಮಾತುಕತೆಗೇ. ಮೊದಲೇ ಎಲ್ಲರೂ ಕೂತು ಆಡಬಹುದಾಗಿದ್ದ ಮಾತು ಅದು.

ಸಹಕಾರ ಎಂಬ ಶಬ್ದದ ಅರ್ಥ

ಇನ್ನು ನಮ್ಮ ಸಂಘಕ್ಕೆ ಬರೋಣ. ಸಹಕಾರ ಚಳವಳಿಯ ಮೂಲ ಇಂಗ್ಲೆಂಡಿನ ರಾಚ್‌ಡೇಲ್. 1844ರಲ್ಲಿ ಅಲ್ಲಿ 28 ಜನ ಕೂಲಿಕಾರರು, ನೇಕಾರರು ಸೇರಿ ಒಂದು ಅಂಗಡಿ ತೆರೆದರು. ಅವರಲ್ಲಿ ಬೇರೆ ಬೇರೆ ರಾಜಕೀಯದವರು, ಬೇರೆ ಬೇರೆ ನಂಬಿಕೆಯವರು ಇದ್ದರು. ಹಿಟ್ಟು ಸಕ್ಕರೆ ತೂಗುವ ತಕ್ಕಡಿಯ ಎದುರು ಅದು ಅಡ್ಡ ಬರಬಾರದು ಎಂದು ನಡೆದುಕೊಂಡರು. 1937ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಸಹಕಾರ ತತ್ವಗಳನ್ನು ಪಟ್ಟಿ ಮಾಡಿದಾಗ ರಾಜಕೀಯ ಮತ್ತು ಧಾರ್ಮಿಕ ತಟಸ್ಥ ನೀತಿಯನ್ನೂ ಅದರಲ್ಲಿ ಸೇರಿಸಿತು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರು ಮಾಡಿದ ಪತ್ತಿನ ಸಂಘ ಇಡೀ ದೇಶಕ್ಕೆ ಮೊದಲನೆಯದು ಎಂಬ ಹೆಮ್ಮೆ ಪಡೆದಿದೆ. ಅಂದಿನಿಂದ ಇಂದಿನ ತನಕ ನಿಯಮ ಒಂದೇ. ಐವತ್ತು ಎಕರೆ ತೋಟದವನಿಗೂ ಒಂದು ಮತ, ಹತ್ತು ಗುಂಟೆಯವನಿಗೂ ಒಂದು ಮತ.

ಒಬ್ಬ ಸದಸ್ಯನಿಗೆ ಒಂದು ಮತ ಎಂದರೆ ಅಭಿಪ್ರಾಯ ಬೇರೆ ಬೇರೆ ಇರುತ್ತದೆ ಎಂದು ಮೊದಲೇ ಒಪ್ಪಿಕೊಂಡ ಹಾಗೆ. ಎಲ್ಲರದ್ದೂ ಒಂದೇ ಅಭಿಪ್ರಾಯ ಆಗಿದ್ದರೆ ಮತ ಎಣಿಸುವ ಕೆಲಸವೇ ಇರಲಿಲ್ಲ. ಇನ್ನು ಸಾಲದ ಅರ್ಜಿ ತೆಗೆದು ನೋಡಿ. ಅದರಲ್ಲಿ ಜಾಮೀನುದಾರರ ಸಹಿಗೆ ಜಾಗ ಇದೆ. ಚುನಾವಣೆಯಲ್ಲಿ ಎದುರು ಬದುರು ನಿಂತವರು ಒಬ್ಬರಿಗೊಬ್ಬರು ಜಾಮೀನು ಹಾಕಿದ ಸಾಲದ ಕಡತಗಳು ನಮ್ಮ ಕಪಾಟಿನಲ್ಲಿವೆ. ಹೆಸರು ಹೇಳುವುದು ಬೇಡ, ಅವರಿಗೆ ಗೊತ್ತು. ಅಡಿಕೆಗೆ ಕೊಳೆ ಬಂದ ವರ್ಷ, ಕಾಳುಮೆಣಸಿಗೆ ರೇಟು ಬಿದ್ದ ವರ್ಷ ಆ ಸಹಿಗಳೇ ಮನೆ ಉಳಿಸಿದ್ದು. ಬೆಳಗೊಳದಲ್ಲಿ ತಾತಯ್ಯ ವಹಿಸಿಕೊಂಡ ಕೆಲಸಕ್ಕೂ ಈ ಜಾಮೀನು ಸಹಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಸದಸ್ಯರಲ್ಲಿ ನನ್ನ ವಿನಂತಿ ಮೂರೇ. ಮೊದಲನೆಯದು, ಮಹಾಸಭೆಯಲ್ಲಿ ನಿಮಗೆ ಒಪ್ಪಿಗೆ ಇಲ್ಲದ್ದನ್ನು ಧೈರ್ಯವಾಗಿ ಎದ್ದು ಹೇಳಿ, ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ನಮ್ಮ ಪಾಲಿಗೆ ನಡವಳಿ ಪುಸ್ತಕವೇ ಶಾಸನದ ಕಲ್ಲು. ಅಲ್ಲಿ ಬರೆಸಿದ ಭಿನ್ನಮತಕ್ಕೆ ಗೌರವ ಇದೆ, ಸಭೆ ಮುಗಿದ ಮೇಲೆ ಅಂಗಡಿ ಜಗಲಿಯಲ್ಲಿ ಆಡಿದ್ದಕ್ಕೆ ಇಲ್ಲ. ಎರಡನೆಯದು, ಗೆದ್ದ ಗುಂಪಿನವರು ಸೋತವರನ್ನು ಕೆಲಸಕ್ಕೆ ಕರೆಯಿರಿ. ಗೋದಾಮಿನ ಲೆಕ್ಕ ನೋಡಲು, ಕಟ್ಟಡದ ಕೆಲಸ ನೋಡಿಕೊಳ್ಳಲು ಅವರನ್ನೇ ಸಮಿತಿಗೆ ಹಾಕಿ. ಮೂರನೆಯದು, ನಿಮ್ಮ ಕಡೆಯವನು ಎದುರಿನವನ ಮನೆಯ ಮೇಲೆ, ಹೆಂಗಸರ ಮೇಲೆ, ಜಾತಿಯ ಮೇಲೆ ಮಾತು ತೆಗೆದರೆ ಮೊದಲು ತಡೆಯುವವರು ನೀವೇ ಆಗಿ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಹೇಳುತ್ತದೆ. ಜಗಳ ಆದರೂ ಪರವಾಗಿಲ್ಲ, ಅದು ಸಂಘದ ಒಳಗಿನ ಜಗಳವಾಗಿರಲಿ, ಸಂಘ ಮುರಿಯುವ ಜಗಳ ಆಗುವುದು ಬೇಡ. ಇಪ್ಪತ್ತೈದು ವರ್ಷ ಈ ಸಂಘವನ್ನು ಕಟ್ಟಿ ಬೆಳೆಸಿದ, ಈಗ ನಮ್ಮೊಡನೆ ಇಲ್ಲದ ಹಿರಿಯರನ್ನು ನೆನೆದು, ಮುಂದಿನ ಇಪ್ಪತ್ತೈದು ವರ್ಷಕ್ಕೆ ಯುವ ಸದಸ್ಯರಿಗೆ ಶುಭ ಕೋರಿ ನನ್ನ ಈ ನಾಲ್ಕು ಮಾತು ಮುಗಿಸುತ್ತೇನೆ.

 ಜೈ ಸಹಕಾರ.